ಟೀಚರಮ್ಮನ ಬೀರುವಿನ ಎರಡನೆಯ ಕೀ

ನನ್ನ ಅಂಗಡಿಗೆ ಬಂದು, ಹಾಕಿದ ಕುರ್ಚಿ ಬಿಟ್ಟು, ನೆಲದ ಮೇಲೆ ಕೂತ ಗಿರಾಕಿ ಇಷ್ಟು ವರ್ಷದಲ್ಲಿ ಅವರೊಬ್ಬರೇ.

ನಂಜನಗೂಡಿನಲ್ಲಿ ನನ್ನದು ಸ್ಟೀಲ್ ಬೀರು ಅಂಗಡಿ. ತಾಂಡವಪುರದಿಂದ ಸೈಕಲ್ ತುಳಿದು ಬಂದು ಬೇರೆಯವರ ಟ್ರಂಕಿಗೆ ಬಣ್ಣ ಹೊಡೆಯುತ್ತಿದ್ದವನು, ಈಗ ಸ್ವಂತ ಶೆಡ್ಡಿನಲ್ಲಿ ಬೀರು ಮಾಡಿಸುತ್ತೇನೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಾಲಿನ ಚಪ್ಪಲಿ ನೋಡಿ, ಜೊತೆಗೆ ಬಂದವರ ಮುಖ ನೋಡಿ, ಮಾತು ಎಲ್ಲಿ ಶುರು ಮಾಡಬೇಕು ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿಬಿಡುತ್ತೇನೆ. ಈ ಹೆಂಗಸು ಒಬ್ಬರೇ ಬಂದಿದ್ದರು. ಕಾಟನ್ ಸೀರೆ, ಬಟ್ಟೆ ಚೀಲ, ಕನ್ನಡಕಕ್ಕೆ ಕಟ್ಟಿದ ದಾರ. ಬದನವಾಳಿನ ತವರುಮನೆಗೆ ಬಂದವರು ವಾಪಸು ಹೋಗುವ ದಾರಿಯಲ್ಲಿ ಇಳಿದಿದ್ದರು. ಊರು ನರಸೀಪುರ ದಾಟಿ ಬನ್ನೂರು ರಸ್ತೆಯಲ್ಲಿ ಒಳಗೆ. ಅಲ್ಲಿ ಅಂಗನವಾಡಿ ಟೀಚರು. ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಟೀಚರಮ್ಮ, ಆಮೇಲಾಮೇಲೆ ನನಗೂ ಅದೇ ರೂಢಿಯಾಯಿತು.

ಹೆಂಗಸರಿಗೆ ಮೊದಲು ಕನ್ನಡಿ ಇರುವ ಬೀರು ತೋರಿಸಬೇಕು, ಅದು ನಮ್ಮ ಕಸುಬಿನ ಮೊದಲ ಪಾಠ. ತೋರಿಸಿದೆ. ಅವರು ಕನ್ನಡಿಯ ಕಡೆ ತಿರುಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕೂತು, ಕತ್ತೆತ್ತಿ ಬೀಗದ ತೂತನ್ನೇ ನೋಡತೊಡಗಿದರು.

"ಮೇಡಂ, ಕುರ್ಚಿ ಇದೆ."

"ಇರ್ಲಿ ಸಾವ್ಕಾರ್ರೇ. ನಾನೀಗ ಆರು ವರ್ಷದ ಹುಡುಗಿ. ಇಲ್ಲಿಂದ ನಿಮ್ಮ ಹ್ಯಾಂಡಲ್ಲು ಕೈಗೆ ಸಿಗ್ತದೆ."

ನನಗೆ ನಗು ಬಂತು. ಕೆಲಸದವರು ಬೆಸುಗೆ ನಿಲ್ಲಿಸಿ ನೋಡುತ್ತಿದ್ದರು. "ಒಳಗೆ ಏನಿಡ್ತೀರಿ ಮೇಡಂ, ಒಡವೇನಾ?" ಅಂದೆ.

"ಕೋವಿ."

ಅವರ ಯಜಮಾನರಿಗೆ ಬೆಳೆ ಕಾಯುವ ಲೈಸೆನ್ಸು. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಗಾಳಿಗೆ ಒಂದು ಹೊಡೆದು ಓಡಿಸುವುದಕ್ಕೆ. ಒಂಟಿ ನಳಿಗೆಯ ಕೋವಿ, ಮಧ್ಯಕ್ಕೆ ಮುರಿದು ತೋಟಾ ತುಂಬುವಂಥದ್ದು. ಅವರ ಮಾವನ ಕಾಲದಿಂದ ಅದು ಪಡಸಾಲೆಯ ಗೋಡೆಯಲ್ಲಿ, ಹಿರಿಯರ ಫೋಟೋಗಳ ಕೆಳಗೆ, ಗೂಟಕ್ಕೆ ನೇತುಬಿದ್ದಿತ್ತು. ಬಂದವರೆಲ್ಲ ಅದನ್ನು ನೋಡಿಯೇ ಕೂರಬೇಕು, ಅದು ಮನೆಯ ಗತ್ತು. ಈಗ ಮನೆಯಲ್ಲಿ ಮೊಮ್ಮಗಳು ಓಡಾಡುತ್ತಾಳೆ, ಅವಳ ತಮ್ಮ ಅವಳ ಹಿಂದೆ. ಗೋಡೆಯಿಂದ ಇಳಿಸಿ ಅಂತ ಎರಡು ವರ್ಷ ಹೇಳಿ ಸಾಕಾಗಿ, ತಮ್ಮ ಸಂಬಳದಲ್ಲೇ ಬೀರು ತೆಗೆಯಲು ಬಂದಿದ್ದರು. "ನಮ್ಮೆಜಮಾನ್ರು ಏನಂದ್ರು ಗೊತ್ತಾ? ಬೀರೂಲಿ ಮಡಗಕ್ಕೆ ಅದೇನು ನಿನ್ನ ಸೀರೆಯಾ ಅಂದ್ರು."

ಬೆಲೆಗೆ ಚೌಕಾಸಿ ಮಾಡುತ್ತಾರೆ ಅಂತ ಸೊಂಟ ಕಟ್ಟಿ ನಿಂತಿದ್ದೆ. ಅವರು ಬೆಲೆಯ ಮಾತೇ ಎತ್ತಲಿಲ್ಲ. ಚೌಕಾಸಿಯೆಲ್ಲ ಬೀಗದ ಮೇಲೆ. ಮೊಳೆ ಹಾಕಿದರೆ ತೆಗೆಯುತ್ತದಾ, ಬಾಗಿಲು ಜಗ್ಗಿದರೆ ಬಿರುಕು ಬಿಡುತ್ತದಾ, ಬೇರೆ ಕೀಗೆ ತೆಗೆಯುತ್ತದಾ.

"ಇದಕ್ಕೆ ಎರಡೇ ಕೀ ಮೇಡಂ. ಮೂರನೇದು ಈ ಭೂಮಿ ಮೇಲೆ ಇಲ್ಲ."

ಇದು ನಾನು ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಸತ್ಯ ಏನೆಂದರೆ, ಅಗ್ಗದ ಬೀಗ ಡಬ್ಬದ ಲೆಕ್ಕದಲ್ಲಿ ಬರುತ್ತದೆ, ಅದರೊಳಗೆ ಕೀ ನಂಬರು ನಾಲ್ಕೋ ಐದೋ ಅಷ್ಟೇ. ಒಂದೇ ನಂಬರಿನ ಬೀಗಗಳು ಒಂದರ ಕೀಗೆ ಇನ್ನೊಂದು ತೆಗೆಯುತ್ತವೆ. ಕೀ ಕಳೆದುಕೊಂಡು ಬಂದವರಿಗೆ ಡ್ರಾಯರಿನಿಂದ ಒಂದು ತೆಗೆದುಕೊಟ್ಟು ದೊಡ್ಡ ಉಪಕಾರ ಮಾಡಿದವನಂತೆ ನಿಂತಿರುತ್ತಿದ್ದೆ. ಸೀರೆಗೆ, ಪತ್ರಕ್ಕೆ ಇಷ್ಟು ಸಾಕು, ಯಾರು ಊರೂರು ಕೀ ಹೊತ್ತು ತಿರುಗುತ್ತಾರೆ ಅಂತ ನನ್ನ ವಾದ. ಕೋವಿ ಅಂದಾಗಲೂ ನಾಲಿಗೆ ತಡವರಿಸಲಿಲ್ಲ.

ಹೊಸ ಊರಿಗೆ ಮೊದಲ ಬೀರು ಹೋಗುವಾಗ ಟೆಂಪೋ ಜೊತೆ ನಾನೇ ಹೋಗುತ್ತೇನೆ. ಒಂದು ಇಳಿಸಿದರೆ ಬೀದಿಯವರು ನಾಲ್ಕು ಜನ ಮುಟ್ಟಿ ನೋಡುತ್ತಾರೆ. ಅವತ್ತೂ ಹಾಗೇ ಆಯಿತು. ಎದುರುಮನೆಯವರು ತಮಗೂ ಅಂಥದ್ದೇ ಬೇಕು ಅಂದರು, ಮಾರನೇ ವಾರವೇ ಕಳಿಸಿದೆ, ಅದೇ ಬಣ್ಣ, ಅದೇ ಡಬ್ಬದ ಬೀಗ. ಹುಷಾರಿ ಅಂದರೆ ನಂದು ಅಂತ ಬೆನ್ನು ತಟ್ಟಿಕೊಂಡೆ.

ಯಜಮಾನರು, ಗೌಡರು, ಜಗಲಿಯಲ್ಲಿ ಕೂತು ಕೋವಿ ಒಳಗೆ ಹೋಗುವುದನ್ನು ನೋಡುತ್ತಿದ್ದರು. "ನೋಡ್ಕಳಿ ಸಾವ್ಕಾರ್ರೇ, ನಮ್ಮಪ್ಪನ್ ಕಾಲ್ದಿಂದ ಇಲ್ದಿರೋ ಕಾನೂನು," ಅಂದರು. ಟೀಚರಮ್ಮ ಒಳಗಿಂದಲೇ, "ನಿಮ್ಮಪ್ಪನ ಕಾಲದಲ್ಲಿ ನೀವು ಏಟು ತಿಂದು ಸುಮ್ಮನೆ ಕೂರ್ತಿದ್ರಿ. ನಿಮ್ಮ ಮೊಮ್ಮಗಳು ಕೂರ್ತಾಳಾ?" ಅಂದರು. ಬರೀ ಗೂಟ ಗೋಡೆಯಲ್ಲಿ ಉಳಿಯಿತು. ಅದನ್ನು ಕೀಳಲು ಗೌಡರು ಒಪ್ಪಲಿಲ್ಲ.

ತೋಟಾಗಳನ್ನು ಟೀಚರಮ್ಮ ಆ ಬೀರುವಿನಲ್ಲಿ ಇಡಲಿಲ್ಲ. ಅದಕ್ಕೆ ಬೇರೆ ಕಬ್ಬಿಣದ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೋಣೆ. ಅತಿಯಾಯಿತು ಅಂತ ನನಗನ್ನಿಸಿತ್ತು. "ಒಂದು ಬೀಗ ನಾನು ಮರೀಬೋದು. ಎರಡೂ ಒಂದೇ ದಿನ ಮರೆಯಲ್ಲ," ಅಂದರು.

ಕೀ ಎಲ್ಲಿಡುತ್ತೀರಿ ಅಂದಿದ್ದಕ್ಕೆ ಒಂದು ಕಥೆ ಹೇಳಿದರು. ಅಂಗನವಾಡಿಯಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದು ದಿನ ಕೇಳಿದರಂತೆ, ನಿಮ್ಮನೆ ಬೀರು ಕೀ ಎಲ್ಲಿಡ್ತಾರೆ? ಮೂರು ವರ್ಷ, ನಾಲ್ಕು ವರ್ಷದ ಮಕ್ಕಳು. ದ್ಯಾವ್ರ ಪಟದ್ ಇಂದೆ. ಅಕ್ಕಿ ಡಬ್ಬದಲ್ಲಿ. ಕರೆಂಟ್ ಮೀಟ್ರು ಮ್ಯಾಲೆ. ಅವ್ವನ್ ದಿಂಬಿನ್ ಕೆಳೀಕೆ. ಗೊತ್ತಿಲ್ಲ ಅಂದ ಮಗು ಒಂದೂ ಇರಲಿಲ್ಲವಂತೆ. "ನಾವು ಬಚ್ಚಿಡೋವಾಗ ಅವು ಆಟ ಆಡ್ತಿರ್ತವೆ ಅಂದ್ಕೋತೀವಿ. ಅವು ನಮ್ಮನ್ನೇ ನೋಡ್ತಿರ್ತವೆ ಸಾವ್ಕಾರ್ರೇ, ಅವಕ್ಕಿರೋ ಕೆಲಸವೇ ಅದು." ಅವತ್ತಿನಿಂದ ತಮ್ಮ ಕೀಗೆ ತಿಂಗಳಿಗೊಂದು ಜಾಗ ಬದಲಿಸುತ್ತಿದ್ದರು. ಎಲ್ಲಿ ಅಂತ ಗಂಡನಿಗೂ ಹೇಳುತ್ತಿರಲಿಲ್ಲ. ಕೋವಿ ಬೇಕಾದಾಗ ತಾವೇ ತೆಗೆದುಕೊಟ್ಟು ತಾವೇ ಒಳಗಿಡುತ್ತಿದ್ದರು.

ಎಲೆಕ್ಷನ್ ಬಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಜಮಾ ಆಗಬೇಕು. ಊರೂರಿನ ಗಂಡಸರು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದು ಸಾಲು ನಿಲ್ಲುತ್ತಾರೆ. ಒಂದು ಸಲ ಟೀಚರಮ್ಮನೂ ಗಂಡನ ಜೊತೆ ಹೋಗಿ, ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನೇ ವಿಚಾರಿಸಿದರಂತೆ, ಮನೇಲಿ ಎಲ್ಲಿಡ್ತೀರಿ ಅಂತ.

"ಯಾಕ್ ಟೀಚರಮ್ಮ, ಕನ್ನ ಆಕಕ್ಕೆ ಪ್ಲಾನಾ?" ಅಂದನಂತೆ ಒಬ್ಬ.

"ಅಟ್ಟದ ಮೇಲೆ, ಈಚಲು ಚಾಪೆ ಒಳಗೆ. ನಿನ್ನ ಮಗಳು ಆಗಲೇ ಹೇಳವ್ಳೆ ಕಣಪ್ಪ. ನಿನ್ನ ಬಾಯಲ್ಲೂ ಕೇಳೋಣ ಅಂತ."

ಸಾಲಿನವರೆಲ್ಲ ನಕ್ಕರಂತೆ. ಆ ಮನುಷ್ಯ ನಗಲಿಲ್ಲವಂತೆ. ಇದನ್ನು ನನಗೆ ಹೇಳಿದವರು ಗೌಡರೇ, ಮುಖ ಗಂಟಿಕ್ಕಿಕೊಂಡು, ಆದರೆ ದನಿಯಲ್ಲಿ ಹೆಮ್ಮೆಯಿತ್ತು.

ಮೊದಲ ವರ್ಷದ ಆಯುಧಪೂಜೆಗೆ ನನ್ನನ್ನು ಕರೆದಿದ್ದರು. ಅಂಗಳದಲ್ಲಿ ಟ್ರಾಕ್ಟರು, ಕುಡುಗೋಲು, ಪಂಪ್‌ಸೆಟ್ಟಿನ ಸ್ಟಾರ್ಟರು, ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಮಣೆಯ ಮೇಲೆ ಕೋವಿ. ಮುಚ್ಚಿದ ಕೋವಿಗೆ ಪೂಜೆ ಇಲ್ಲ ಅಂತ ಟೀಚರಮ್ಮ ಹಟ ಹಿಡಿದರು. ಮಧ್ಯಕ್ಕೆ ಮುರಿದು, ನಳಿಗೆ ಬಾಗಿಸಿ ಇಡಬೇಕು.

"ಮುರಿದ್ ಆಯ್ದಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನಮ್ಮೀ?" ಗೌಡರು.

"ಎತ್ತಿ ಹಿಡೀರಿ. ನಳಿಗೆಯೊಳಗೆ ಬೆಳಕು ಕಾಣ್ಬೇಕು. ಬೆಳಕು ಕಂಡ ಮೇಲೆ ಮಂಗಳಾರತಿ."

ಗೌಡರು ಗೊಣಗಿಕೊಂಡೇ ಎತ್ತಿ ಹಿಡಿದರು. ಟೀಚರಮ್ಮ ಒಂದು ಕಣ್ಣು ಮುಚ್ಚಿ ನೋಡಿದರು. ಸೊಸೆಗೆ ನೋಡು ಅಂದರು. ನನಗೂ ತೋರಿಸಿದರು. ಕೊಳವೆಯ ಆ ತುದಿಯಲ್ಲಿ ನಾಲ್ಕಾಣೆಯಷ್ಟು ಆಕಾಶ. ಖಾಲಿ ಅಂತ ಬಾಯಲ್ಲಿ ಹೇಳಿದರೆ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ, ಬೆಳಕು ತೋರಿಸಬೇಕಿತ್ತು.

ಅದಾಗಿ ನಾಲ್ಕು ತಿಂಗಳಿಗೆ, ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಟೀಚರಮ್ಮ ಬಂದರು. ಮೊದಲ ಬಸ್ಸಿಗೆ ಹೊರಟಿದ್ದಿರಬೇಕು. ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಎರಡು ಕೀ ಇಟ್ಟರು.

"ಇದು ನಮ್ಮದು. ಇದು ಎದುರುಮನೇದು. ಮೂರನೇದು ಭೂಮಿ ಮೇಲೆ ಇಲ್ಲ ಅಂದಿದ್ರಿ."

ಎದುರುಮನೆಯ ಹುಡುಗಿ, ಏಳು ವರ್ಷದವಳು, ತಮ್ಮ ಮನೆಯ ಬೀರು ಕೀ ತೆಗೆದುಕೊಂಡು ಆಟಕ್ಕೆ ಬಂದಿದ್ದಾಳೆ. ಎರಡೂ ಬೀರು ಒಂದೇ ಥರ ಇದೆಯಲ್ಲ ಅಂತ ಇಲ್ಲೂ ಹಾಕಿ ನೋಡಿದ್ದಾಳೆ. ತೆಗೆದಿದೆ. ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದ ಟೀಚರಮ್ಮನಿಗೆ ಟಕ್ ಅಂತ ಒಂದು ಸದ್ದು ಕೇಳಿದೆ. ಬಂದು ನೋಡಿದರೆ ಮೊಮ್ಮಗಳು ಪೊಲೀಸು, ಮೊಮ್ಮಗ ಕಳ್ಳ. ಕಳ್ಳ ಎರಡೂ ಕೈ ಮೇಲೆತ್ತಿಕೊಂಡು ಕೂತಿದ್ದ, ನಗುತ್ತಿದ್ದ. ಕೋವಿ ಎತ್ತಲಾರದೆ ಅವಳು ಅದನ್ನು ಮಂಚದ ಮೇಲೆ ಒರಗಿಸಿದ್ದಳು. ಮೂತಿ ತಮ್ಮನ ಕಡೆಗಿತ್ತು, ಬೆರಳು ಟ್ರಿಗರಿನ ಮೇಲಿತ್ತು.

ತೋಟಾ ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿತ್ತು. ಅಷ್ಟೇ ವ್ಯತ್ಯಾಸ.

ನಾನು ಏನೇನೋ ಹೇಳಿದೆ. ಬೀಗದ ಕಂಪನಿಯವರು, ಡಬ್ಬ, ಎಲ್ಲ ಅಂಗಡಿಯಲ್ಲೂ ಹೀಗೇ, ದುಡ್ಡು ವಾಪಸು ಕೊಡ್ತೀನಿ. ಅವರು ಕೇಳಿಸಿಕೊಂಡರು.

"ನಿಮಗೆ ಗೊತ್ತಿತ್ತಾ?"

ಮೂವತ್ತು ವರ್ಷ ಮಾತಿನಲ್ಲೇ ಬದುಕಿದವನು ನಾನು. ಗೊತ್ತಿತ್ತು ಅಂದೆ.

ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಆ ಡಬ್ಬದ ಬೀಗ ಎಷ್ಟು ಮನೆಗೆ ಹೋಗಿದೆ? ಬಿಲ್ ಬುಕ್ ತೆಗೀರಿ," ಅಂದರು. ಇಪ್ಪತ್ತನಾಲ್ಕು. ಊರೂರಿಗೆ ಹೋಗಿ ನನ್ನ ಬೀಗ ಸರಿಯಿಲ್ಲ ಅಂತ ನಾನೇ ಸಾರಿಕೊಂಡು ಬಂದರೆ ಅಂಗಡಿಯ ಹೆಸರೇನಾಗಬೇಕು ಅಂದೆ.

"ಹೆಸರು ತಾನೇ? ಟ್ರಂಕಿಗೆ ಹೊಡೆದ ಹಾಗೆ ಇನ್ನೊಂದು ಕೋಟು ಬಣ್ಣ ಹೊಡ್ಕೊಳ್ಳಿ."

ಆ ಬೇಸಿಗೆ ರಜದಲ್ಲಿ ನರಸೀಪುರದ ಕಡೆಯ ಮನೆಗಳಿಗೆ ಟೀಚರಮ್ಮನೂ ನನ್ನ ಜೊತೆ ಬಂದರು. ನಾನು ಬೀಗ ಬದಲಿಸುತ್ತಿದ್ದರೆ ಅವರು ಆ ಮನೆಯ ನಡುಮನೆಯಲ್ಲಿ ನೆಲಕ್ಕೆ ಕೂತು ಸುತ್ತ ನೋಡುತ್ತಿದ್ದರು. ಕೋವಿ ಇಲ್ಲದ ಮನೆಯಲ್ಲೂ ಅವರಿಗೆ ಏನೋ ಒಂದು ಕಾಣುತ್ತಿತ್ತು. ಇಲಿ ಪಾಷಾಣದ ಪೊಟ್ಟಣ, ಗದ್ದೆಗೆ ಹೊಡೆಯುವ ಔಷಧಿಯ ಬಾಟ್ಲಿ, ಬಾವಿಗೆ ಮುಚ್ಚಿದ ಹಳೇ ತಗಡು. ಯಜಮಾನಿಯರಿಗೆ ಸಿಟ್ಟು ಬರುತ್ತಿತ್ತು. "ನಮ್ ಮಕ್ಳು ಅಂಗೆಲ್ಲ ಮುಟ್ಟಕಿಲ್ಲ ಕಣ್ ಟೀಚರಮ್ಮ" ಅಂತ ಎಲ್ಲ ಕಡೆ ಒಂದೇ ಮಾತು. ಅವರು ವಾದ ಮಾಡುತ್ತಿರಲಿಲ್ಲ. ಆ ಮನೆಯ ಮಗುವನ್ನೇ ಹತ್ತಿರ ಕರೆದು, ನಿಮ್ಮವ್ವ ಕೀ ಎಲ್ಲಿಡ್ತಾಳೆ ಚಿನ್ನ, ಅಂತ ಕೇಳುತ್ತಿದ್ದರು. ಮಗು ಬೊಟ್ಟು ಮಾಡಿ ತೋರಿಸುತ್ತಿತ್ತು. ಯಜಮಾನಿ ಎದ್ದು ಕೀ ಬೇರೆ ಕಡೆ ಇಡುತ್ತಿದ್ದಳು.

ಹದಿನೇಳು ಮನೆ ಸಿಕ್ಕವು. ಏಳು ಸಿಗಲಿಲ್ಲ. ಅವನ್ನು ಸಂತೆ ವ್ಯಾಪಾರಿಯೊಬ್ಬನಿಗೆ ಒಟ್ಟಿಗೆ ಕೊಟ್ಟಿದ್ದೆ, ಅವನು ಯಾವ ಊರಿಗೆ ಹೊತ್ತುಕೊಂಡು ಹೋದನೋ. ಸಿಕ್ಕಾಗಲೆಲ್ಲ ಟೀಚರಮ್ಮ ಕೇಳುತ್ತಿದ್ದರು, "ಆ ಏಳು?" ಹುಡುಕಿಸ್ತಾ ಇದೀನಿ ಅನ್ನುತ್ತಿದ್ದೆ. ಒಂದು ವರ್ಷ ಹುಡುಕಿಸಿದೆ. ಆಮೇಲೆ ಬರೀ ಅನ್ನುತ್ತಿದ್ದೆ.

ಅವರ ಬೀರುವಿಗೆ ಒಳ್ಳೆಯ ಬೀಗ ಹಾಕಿದ ದಿನ ಎರಡು ಕೀಯಲ್ಲಿ ಒಂದನ್ನು ನನ್ನ ಕೈಗೇ ಇಟ್ಟರು. "ಇದು ನಂಜನಗೂಡಲ್ಲಿರ್ಲಿ. ನಮ್ಮ ಮಕ್ಕಳ ಕೈಗೆ ಅಲ್ಲಿವರೆಗೆ ಎಟುಕಲ್ಲ." ನನ್ನನ್ನೇ ಯಾಕೆ ನಂಬ್ತೀರಿ ಅಂದೆ. "ಒಂದ್ಸಲ ಎಡವಿದೀರಲ್ಲ, ಇನ್ನು ನೋಡ್ಕೊಂಡು ನಡೀತೀರಿ," ಅಂದರು.

ಅವರದೂ ಒಂದು ತಪ್ಪಿತ್ತು, ಈಗ ಹೇಳಬೇಕು. ಎಲ್ಲವನ್ನೂ ತಾವೊಬ್ಬರೇ ಹೊತ್ತರು. ಮಗ ಹೊರಗೂರಿನ ಕೆಲಸದಲ್ಲಿದ್ದ, ಗಂಡನನ್ನು ನಂಬಲಿಲ್ಲ, ಸೊಸೆ ಚಿಕ್ಕವಳು ಅಂದರು. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಗೆ ಗೊತ್ತಿರಬೇಕಾದ್ದು ಅವರ ತಲೆಯೊಳಗೆ ಮಾತ್ರ ಇತ್ತು. ಈ ವರ್ಷ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದವರು ಮತ್ತೆ ಏಳಲಿಲ್ಲ. ಎಲೆಕ್ಷನ್ ಸಮಯ, ಕೋವಿ ಠಾಣೆಯಲ್ಲಿತ್ತು.

ಹನ್ನೊಂದರ ದಿನ ಹೋಗಿದ್ದೆ. ಕೀ ಜೇಬಿನಲ್ಲೇ ಇತ್ತು. ಅತ್ತ ಮುಖಗಳ ನಡುವೆ ಬೀಗದ ಮಾತು ಹೇಗೆ ತೆಗೆಯುವುದು ಅಂತ ಸುಮ್ಮನೆ ಊಟ ಮಾಡಿ ಬಂದೆ. ವ್ಯಾಪಾರದಲ್ಲಿ ನಾಚಿಕೆ ಅನ್ನೋದೇ ಇಲ್ಲದವನಿಗೆ ಅವತ್ತೇ ಅದು ಬರಬೇಕಿತ್ತು.

ಒಂದು ತಿಂಗಳಾದ ಮೇಲೆ ಸೊಸೆ ಫೋನ್ ಮಾಡಿದಳು. "ಅಣ್ಣ, ಅತ್ತೆ ನಿಮ್ಮತ್ರ ಒಂದು ಕೀ ಕೊಟ್ಟಿದ್ರಂತಲ್ಲ. ಮನೇಲಿರೋದು ಸಿಗ್ತಿಲ್ಲ. ಕೋವಿ ಠಾಣೆಯಿಂದ ಬಂತು. ಮಾವ ಗೋಡೆಗೇ ಹಾಕವ್ರೆ."

"ಎಷ್ಟು ದಿನ ಆಯ್ತಮ್ಮ?"

"ಎಂಟು ದಿನ. ನಾನು ಮಕ್ಕಳನ್ನ ಒಳಗೆ ಬಿಡ್ತಿಲ್ಲ ಅಣ್ಣ. ಎಷ್ಟೊತ್ತು ಅಂತ ಹಿಡ್ಕೊಳ್ಳಲಿ?"

ಒಂದೆರಡು ಹೊಸ ಬೀಗ ಚೀಲಕ್ಕೆ ಹಾಕಿಕೊಂಡು ಆಗಲೇ ಹೊರಟೆ. ದೊಡ್ಡವರಿಗೆ ಸಿಗದ ಕೀ ಆ ಮನೆಯಲ್ಲೇ ಎಲ್ಲೋ ಇದೆ, ಒಂದಲ್ಲ ಒಂದು ದಿನ ಮಕ್ಕಳಿಗೆ ಸಿಗುತ್ತದೆ. ಹಳೇ ಬೀಗ ಇನ್ನು ಇರಕೂಡದು.

ಪಡಸಾಲೆಯ ಗೋಡೆಯಲ್ಲಿ ಟೀಚರಮ್ಮನ ಫೋಟೋ, ಹಾರ. ಅದರ ಕೆಳಗೆ ಅದೇ ಗೂಟಕ್ಕೆ ಕೋವಿ. ಗೌಡರು ಎದುರಿಗೆ ಕೂತಿದ್ದರು.

"ಅವ್ಳು ಓದ್ಮೇಲೆ ಗ್ವಾಡೆ ಬಿಕೋ ಅಂತಿತ್ತು ಸಾವ್ಕಾರ್ರೇ," ಅಂದರು. "ಇರ್ಲಿ ಬುಡಿ ಅಲ್ಲೇ. ಖಾಲಿ ಅದೆ."

ಟೀಚರಮ್ಮ ನನ್ನ ಅಂಗಡಿಯಲ್ಲಿ ಕೂತ ಹಾಗೆ ನಾನೂ ನೆಲಕ್ಕೆ ಕೂತೆ. ಮಂಡಿ ನೋವಿನವನು ನಾನು, ಕಂಬ ಹಿಡಿದು ಕೂತೆ. ಕೂತ ಮೇಲೆ ಕಂಡಿತು. ಗೂಟದ ನೇರ ಕೆಳಗೆ ದಿವಾನ, ದಿವಾನದ ಪಕ್ಕ ಮಕ್ಕಳ ಪ್ಲಾಸ್ಟಿಕ್ ಸ್ಟೂಲು. ನೆಲ, ಸ್ಟೂಲು, ದಿವಾನ, ಕೋವಿ. ಮೆಟ್ಟಿಲು ಕಟ್ಟಿದ ಹಾಗೆ.

"ಗೌಡ್ರೇ, ಬೆಳಕು ತೋರ್ಸಿ."

"ಏನು?"

"ಟೀಚರಮ್ಮ ಕೇಳ್ತಿದ್ರಲ್ಲ. ನಳಿಗೇಲಿ ಬೆಳಕು ತೋರ್ಸಿ, ನಾನು ಎದ್ದು ಹೋಗ್ತೀನಿ. ಗೋಡೆ ಮೇಲೇ ಇರ್ಲಿ."

"ಖಾಲಿ ಅಂತ ಯೋಳ್ತಾ ಇವ್ನಿ, ನಂಬಕಿಲ್ವಾ?" ಅಂತ ಎದ್ದರು. ಇಳಿಸಿಕೊಂಡು, ಮೂತಿ ಬಾಗಿಲಾಚೆ ಬಯಲಿಗೆ ತಿರುಗಿಸಿ, ಮುರಿದರು.

ಬೆಳಕು ಕಾಣಲಿಲ್ಲ. ಹಿತ್ತಾಳೆಯ ತಳ ಹೊಳೆಯಿತು.

ಹೋದ ವಾರ ಹಂದಿಗೆ ಅಂತ ಹೊಸ ತೋಟಾ ತಂದಿದ್ದರು. ಗದ್ದೆಗೆ ಹೋಗಿದ್ದರು, ಹಂದಿ ಬರಲಿಲ್ಲ, ವಾಪಸು ಬಂದು ನೇತುಹಾಕಿದ್ದರು. ಬೆಳಕು ತೋರಿಸು ಅನ್ನುವವರು ಮನೆಯಲ್ಲಿ ಇರಲಿಲ್ಲ. ಗೌಡರು ತೋಟಾ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಹಿತ್ತಲಿಂದ ಮಕ್ಕಳ ದನಿ ಕೇಳುತ್ತಿತ್ತು. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಹಾಕಿ ಸಾವ್ಕಾರ್ರೇ ಬೀಗ," ಅಂದರು ಗೌಡರು.

ಹಾಕಿದೆ. ಕೋವಿ ಒಳಗೆ ಹೋಯಿತು. ತೋಟಾದ ಪೆಟ್ಟಿಗೆಯ ಕೀಯೂ ಸಿಕ್ಕಿರಲಿಲ್ಲ, ಅದರ ಬೀಗ ಒಡೆದು ಅದಕ್ಕೂ ಹೊಸದು ಹಾಕಿದೆ, ತೋಟಾ ಅದರೊಳಗೆ ಹೋಯಿತು, ಪೆಟ್ಟಿಗೆ ಆ ಬೇರೆ ಕೋಣೆಯಲ್ಲೇ. ಗೂಟವನ್ನು ಗೌಡರೇ ಕಿತ್ತರು. ಸುಲಭವಾಗಿ ಬರಲಿಲ್ಲ, ಸುಣ್ಣದ ಚಕ್ಕೆ ಕಿತ್ತುಕೊಂಡು ಬಂತು. ಬೀರು ಕೀ ಇನ್ನು ಸೊಸೆಯ ಹತ್ತಿರ, ಪೆಟ್ಟಿಗೆ ಕೀ ಮಾವನ ಹತ್ತಿರ, ಒಬ್ಬರದು ಎಲ್ಲಿದೆ ಅಂತ ಇನ್ನೊಬ್ಬರಿಗೆ ಗೊತ್ತಿರಬೇಕು ಅಂತ ಹೇಳಿದೆ. ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀರುವಿನ ಮುಂದೆ ನೆಲಕ್ಕೆ ಕೂತಳು. ಕತ್ತೆತ್ತಿ ನೋಡಿದಳು. ಎದ್ದು ಹೋಗಿ ಆ ಸ್ಟೂಲನ್ನು ಹಿತ್ತಲಿಗೆ ಹಾಕಿ ಬಂದಳು.

ಹೊರಡುವಾಗ ಎರಡನೆಯ ಕೀ ನನ್ನ ಕೈಗೇ ಕೊಟ್ಟಳು. "ಇದು ನಿಮ್ಮತ್ರಾನೇ ಇರ್ಲಿ ಅಣ್ಣ." ಅತ್ತೆಯ ಹಾಗೇ ಅವಳೂ ಒಂದು ಮಾತು ಸೇರಿಸಿದಳು, "ಆ ಏಳು ಸಿಕ್ಕವಾ?"

ಇಲ್ಲಮ್ಮ ಅಂದೆ. ಹುಡುಕಿಸ್ತಾ ಇದೀನಿ ಅನ್ನಲಿಲ್ಲ.

ನಿಮ್ಮ ಮನೆಯಲ್ಲಿ ಸಂತೆಯಲ್ಲಿ ತೆಗೆದ ಬೀರು ಇದ್ದರೆ ಪಕ್ಕದ ಮನೆಯ ಕೀ ತಂದು ಒಂದು ಸಲ ಹಾಕಿ ನೋಡಿ. ತೆಗೆದರೆ ಅದು ನಾನು ಮಾರಿದ್ದೂ ಇರಬಹುದು. ಬೀಗ ಬದಲಿಸಿಕೊಡುತ್ತೇನೆ.

ಸೊಸೆ ಕೊಟ್ಟ ಕೀ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ನನಗೂ ಈಗ ಒಬ್ಬ ಮೊಮ್ಮಗಳು, ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಿಲ್ಲುತ್ತಾಳೆ. ಮೊನ್ನೆ ಎತ್ತಿಕೊಂಡಾಗ ಜೇಬಿಗೆ ಕೈ ಹಾಕಿ ಅದನ್ನೇ ಎಳೆದು ಬಾಯಿಗಿಟ್ಟುಕೊಂಡಳು. ಕಿತ್ತುಕೊಂಡೆ. ಬೇರೆ ಜಾಗ ನೋಡೋಣ ಅಂತ ನಮ್ಮನೆ ನಡುಮನೆಯಲ್ಲಿ ಕಂಬ ಹಿಡಿದು ಮೆಲ್ಲಗೆ ನೆಲಕ್ಕೆ ಕೂತೆ. ಅವಳೂ ಪಕ್ಕದಲ್ಲಿ ಬಂದು ಕೂತಳು. ನಾನು ಯಾವ ಕಡೆ ನೋಡಿದರೆ ಅವಳೂ ಆ ಕಡೆಗೇ ನೋಡುತ್ತಿದ್ದಳು.